ಸರಹದ್ದು ದಾಟುವ ಪಾತಕಿ, ದಾಟದ ದಫ್ತರು

ಪುಣೆಯಿಂದ ಸೊಲ್ಲಾಪುರದ ಮಾರ್ಗವಾಗಿ ಹೈದರಾಬಾದಿಗೆ ಹೋಗುವ ಹೆದ್ದಾರಿಯೂ ಬೀದರಿನಿಂದ ಕಲಬುರಗಿಯತ್ತ ಇಳಿಯುವ ಹೆದ್ದಾರಿಯೂ ಒಂದನ್ನೊಂದು ಸಂಧಿಸುವ ಸ್ಥಳ ಹುಮನಾಬಾದು. ಅಲ್ಲಿಂದ ಪಡುವಣಕ್ಕೆ ಸಾಗಿ ಸಸ್ತಾಪುರ ಬಂಗ್ಲಾದ ಬಳಿ ತಿರುಗಿದರೆ, ಒಂದು ಕಾಲಕ್ಕೆ ಚಾಲುಕ್ಯರ ರಾಜಧಾನಿಯೂ ಶರಣರ ಕರ್ಮಭೂಮಿಯೂ ಆಗಿದ್ದ ಬಸವಕಲ್ಯಾಣ. ಈ ಎರಡು ಊರುಗಳಲ್ಲಿ ಯಾವುದರಿಂದ ಹೊರಟರೂ ಪ್ರಯಾಣಿಕನು ಒಂದೆರಡು ತಾಸಿನೊಳಗಾಗಿ ಒಂದು ದಿಕ್ಕಿನಲ್ಲಿ ಮಹಾರಾಷ್ಟ್ರದ ಉಮರ್ಗಾವನ್ನೂ ಇನ್ನೊಂದು ದಿಕ್ಕಿನಲ್ಲಿ ತೆಲಂಗಾಣದ ಜಹೀರಾಬಾದನ್ನೂ ಮುಟ್ಟಬಲ್ಲನು. 1956ರ ನವೆಂಬರ್ 1ಕ್ಕೆ ಮೊದಲು ಜಹೀರಾಬಾದು, ನಾರಾಯಣಖೇಡ, ಉದಗೀರ, ನಿಲಂಗಾ, ಅಹಮದಪುರಗಳು ಹುಮನಾಬಾದಿನೊಡನೆ ಹೈದರಾಬಾದ್ ರಾಜ್ಯದ ಒಂದೇ ಬೀದರ ಜಿಲ್ಲೆಯೊಳಗಿದ್ದುವು. ಆ ದಿನ ಒಂದು ಜಿಲ್ಲೆ ಮೂರು ರಾಜ್ಯಗಳ ಪಾಲಾಯಿತು.

ಭಾಷಾವಾರು ಪ್ರಾಂತರಚನೆ ನ್ಯಾಯವಾದುದು, ಅದಕ್ಕಾಗಿ ದುಡಿದ ಹಿರಿಯರ ಋಣ ನಮ್ಮ ಮೇಲೆ ಇಂದಿಗೂ ಇದೆ. ಆದರೆ ಅಂದು ಎಳೆದ ಗೆರೆ ಕಂದಾಯದ ಕಚೇರಿಗೆ, ನ್ಯಾಯಾಲಯಕ್ಕೆ, ಪೊಲೀಸ್ ಠಾಣೆಗೆ ಅನ್ವಯಿಸಿತೇ ಹೊರತು, ಹೆಣ್ಣು ಕೊಟ್ಟು ತರುವ ಸಂಬಂಧಗಳಿಗಾಗಲಿ, ತೊಗರಿಯನ್ನು ಅಡತಿಗೆ ಸಾಗಿಸುವ ರೈತನಿಗಾಗಲಿ, ಲಾರಿಯ ಬಾಡಿಗೆಗಾಗಲಿ, ಮಾಣಿಕನಗರಕ್ಕೋ ತುಳಜಾಪುರಕ್ಕೋ ನಡೆಯುವ ಭಕ್ತನಿಗಾಗಲಿ ಅನ್ವಯಿಸಲಿಲ್ಲ. ಪಾತಕಿಗೂ ಅನ್ವಯಿಸಲಿಲ್ಲ. ಒಬ್ಬನೇ ದುಷ್ಟನು ಉಮರ್ಗಾದಲ್ಲಿ ಒಂದು, ಹುಮನಾಬಾದಿನಲ್ಲಿ ಒಂದು, ಜಹೀರಾಬಾದಿನಲ್ಲಿ ಒಂದು ಕೃತ್ಯವನ್ನೆಸಗಿದನೆಂದು ಭಾವಿಸಿದರೆ, ಆ ಮೂರು ಕೃತ್ಯಗಳು ಮರಾಠಿಯಲ್ಲಿ, ಕನ್ನಡದಲ್ಲಿ, ತೆಲುಗಿನಲ್ಲಿ ಮೂರು ಠಾಣೆಗಳ ದಫ್ತರುಗಳೊಳಗೆ ಸೇರಿ, ಒಂದಕ್ಕೊಂದು ಸಂಬಂಧವಿಲ್ಲದ ಮೂರು ಒಂಟಿ ಘಟನೆಗಳಾಗಿ ಉಳಿಯುವ ಸಂಭವವೇ ಹೆಚ್ಚು. ಸರಣಿ ಅಪರಾಧಿಗಳ ನೆಲೆಯನ್ನು ನಕಾಶೆಯ ನೆರವಿನಿಂದ ಅರಸುವ ಶಾಸ್ತ್ರವೊಂದು ಪಾಶ್ಚಾತ್ಯ ದೇಶಗಳಲ್ಲಿ ಮೂರು ದಶಕಗಳಿಂದ ಬೆಳೆದು ನಿಂತಿದೆ; ಅದನ್ನು ನಮ್ಮ ಪೊಲೀಸರೂ ಕಲಿಯಬೇಕೆಂದು ನಾನು ಮನಃಪೂರ್ವಕವಾಗಿ ಬಯಸುತ್ತೇನೆ. ಆದರೆ ಆ ಶಾಸ್ತ್ರದ ಯಂತ್ರೋಪಕರಣಗಳಿಗೆ ಒಂದು ರೂಪಾಯಿಯನ್ನು ವ್ಯಯಿಸುವುದಕ್ಕೆ ಮೊದಲು ನೆರೆಹೊರೆಯ ಠಾಣೆಗಳ ದಫ್ತರುಗಳು ಒಂದೇ ಮೇಜಿನ ಮೇಲೆ ತೆರೆದುಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ; ಈ ಲೇಖನದ ಉದ್ದೇಶವೂ ಅದೇ.

ಭೌಗೋಳಿಕ ಪ್ರೊಫೈಲಿಂಗ್ ಎಂದು ಹೆಸರಾಗಿರುವ ಈ ವಿಧಾನಕ್ಕೆ ಶಾಸ್ತ್ರೀಯ ರೂಪವನ್ನು ಕೊಟ್ಟವನು ಕೆನಡಾ ದೇಶದ ವ್ಯಾಂಕೂವರ್ ನಗರದ ಪೊಲೀಸ್ ಅಧಿಕಾರಿ ಕಿಮ್ ರಾಸ್ಮೊ. ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಲ್ಲಿ ಅವನಿಗೆ ಗುರುಗಳಾಗಿದ್ದ ಪಾಲ್ ಮತ್ತು ಪೆಟ್ರೀಷಿಯಾ ಬ್ರ್ಯಾಂಟಿಂಗ್‌ಹ್ಯಾಂ ದಂಪತಿಗಳು, ಅಪರಾಧಿಯು ತನ್ನ ಮನೆ, ಉದ್ಯೋಗಸ್ಥಾನ, ವಿನೋದಸ್ಥಾನ ಮತ್ತು ಇವುಗಳ ನಡುವಣ ದಾರಿಗಳಲ್ಲಿ ದಿನನಿತ್ಯ ಸಂಚರಿಸುವಾಗ ಯಾವ ಪ್ರದೇಶವನ್ನು ಬಲ್ಲನೋ ಆ ಪ್ರದೇಶದಲ್ಲಿಯೇ ಅಪರಾಧವನ್ನೂ ಎಸಗುವನೆಂದು ತೋರಿಸಿದ್ದರು. ರಾಸ್ಮೊ ಆ ತರ್ಕವನ್ನು ಹಿಂದುಮುಂದು ಮಾಡಿದನು: ಮನೆಯಿಂದ ಅಪರಾಧದ ಸ್ಥಳವನ್ನು ಊಹಿಸಬಹುದಾದರೆ, ಅಪರಾಧದ ಸ್ಥಳಗಳಿಂದ ಮನೆಯನ್ನು ಊಹಿಸಲಾಗದೆ? ಊರಿನ ಸುತ್ತಲ ಹೊಲಗಳಲ್ಲಿ ಸವೆದ ಕಾಲುಹಾದಿಗಳೆಲ್ಲ ಎತ್ತ ಬಾಗುತ್ತವೆ ಎಂಬುದನ್ನು ನೋಡಿ ಬಾವಿ ಎಲ್ಲಿದೆಯೆಂದು ಅಪರಿಚಿತನೂ ಹೇಳಬಲ್ಲನಷ್ಟೆ. 1995ರಲ್ಲಿ ಅವನು ಸಲ್ಲಿಸಿದ ಪ್ರೌಢಪ್ರಬಂಧದ ಸಾರ ಇದು.

ಲೆಕ್ಕದ ಬುಡದಲ್ಲಿ ಎರಡು ಮಾನವಸಹಜ ಸಂಗತಿಗಳಿವೆ. ದೂರ ಹೆಚ್ಚಿದಂತೆ ಹೋಗುವ ಉತ್ಸಾಹ ಕುಗ್ಗುತ್ತದೆ, ಆದುದರಿಂದ ಮನೆಯಿಂದ ಬಹುದೂರದಲ್ಲಿ ಅಪರಾಧಗಳು ವಿರಳ. ಆದರೆ ತೀರ ಮನೆಯ ಬಾಗಿಲಲ್ಲಿ ಗುರುತು ಹಿಡಿಯುವವರು ಹೆಚ್ಚು, ಆದುದರಿಂದ ಅಲ್ಲಿಯೂ ವಿರಳ. ನಕಾಶೆಯನ್ನು ಸಾವಿರಾರು ಸಣ್ಣ ಚೌಕಗಳಾಗಿ ವಿಭಾಗಿಸಿ, ಪ್ರತಿಯೊಂದು ಚೌಕದಿಂದಲೂ ಪ್ರತಿಯೊಂದು ಅಪರಾಧಸ್ಥಳಕ್ಕಿರುವ ದೂರವನ್ನು ಬೀದಿಯ ತಿರುವುಗಳ ಮೇಲೆ ಅಳೆದು, ಈ ಎರಡು ನಿಯಮಗಳಿಗೆ ಅನುಸಾರವಾಗಿ ಅಂಕಗಳನ್ನು ಕೊಟ್ಟು ಕೂಡಿಸಿದರೆ, ಯಾವ ಚೌಕಗಳಲ್ಲಿ ಅಪರಾಧಿಯ ನೆಲೆಯಿರುವ ಸಂಭವ ಅಧಿಕ ಎಂಬುದು ಬಣ್ಣಗಳ ಏರಿಳಿತವಾಗಿ ಕಾಣಿಸಿಕೊಳ್ಳುತ್ತದೆ. ಅದು ಮನೆಯ ವಿಳಾಸವನ್ನು ಹೇಳುವುದಿಲ್ಲ. ಮೊದಲು ಯಾವ ಬಡಾವಣೆಯಲ್ಲಿ ಹುಡುಕಬೇಕು, ಅನಂತರ ಯಾವುದರಲ್ಲಿ ಎಂಬ ಅನುಕ್ರಮವನ್ನು ಹೇಳುತ್ತದೆ. ಸಾವಿರಾರು ಶಂಕಿತರ ಹೆಸರುಗಳ ರಾಶಿಯ ಮುಂದೆ ಕುಳಿತ ಠಾಣಾಧಿಕಾರಿಗೆ ಅದು ಸಣ್ಣ ಸಹಾಯವೇನಲ್ಲ. ಕೊಲೆ ಮತ್ತು ಅತ್ಯಾಚಾರಗಳಲ್ಲಿ ಮಾತ್ರವಲ್ಲದೆ ಸರಗಳ್ಳತನ, ಮನೆಗಳ್ಳತನ, ಬಣವೆಗೆ ಬೆಂಕಿಯಿಡುವುದು, ಇಂಥ ಮರುಕಳಿಸುವ ಎಲ್ಲ ಅಪರಾಧಗಳಲ್ಲೂ ಅದು ಉಪಯೋಗಕ್ಕೆ ಬರುತ್ತದೆ.

ರಾಸ್ಮೊವಿಗೆ ಬಹಳ ಹಿಂದೆಯೇ ಇಂಗ್ಲೆಂಡಿನಲ್ಲಿ ಈ ವಿಚಾರದ ಒಂದು ಪರೀಕ್ಷೆ ನಡೆದಿತ್ತು. 1975ರಿಂದ 1980ರವರೆಗೆ ಯಾರ್ಕ್‌ಷೈರ್ ಮತ್ತು ಮ್ಯಾಂಚೆಸ್ಟರ್ ಪ್ರಾಂತಗಳಲ್ಲಿ ಹದಿಮೂರು ಮಂದಿ ಸ್ತ್ರೀಯರನ್ನು ಕೊಂದ ಹಂತಕನನ್ನು ಹಿಡಿಯಲಾರದೆ ಅಲ್ಲಿಯ ಪೊಲೀಸರು ಹತಾಶರಾಗಿದ್ದರು. ತಾನೇ ಹಂತಕನೆಂದು ಹೇಳಿಕೊಂಡು ಯಾರೋ ವಂಚಕನು ಕಳಿಸಿದ ಪತ್ರಗಳನ್ನೂ ಧ್ವನಿಮುದ್ರಿಕೆಯನ್ನೂ ನಂಬಿ, ಆ ಧ್ವನಿಯ ಉಚ್ಚಾರಣೆಯನ್ನು ಅನುಸರಿಸಿ, ಅವರು ಈಶಾನ್ಯದ ಸಂಡರ್ಲೆಂಡ್ ಪಟ್ಟಣದಲ್ಲಿ ಹುಡುಕುತ್ತಿದ್ದರು. 1980ರ ಡಿಸೆಂಬರಿನಲ್ಲಿ ಸ್ಟುವರ್ಟ್ ಕೈಂಡ್ ಎಂಬ ವಿಧಿವಿಜ್ಞಾನಿಯು ದಾಳಿ ನಡೆದ ಸ್ಥಳಗಳೆಲ್ಲಕ್ಕೂ ಅತ್ಯಂತ ಸಮೀಪವಾದ ಮಧ್ಯಬಿಂದು ಯಾವುದೆಂದು ಗುಣಿಸಿ ನೋಡಿದನು. ಅಷ್ಟೇ ಆಗಿದ್ದರೆ ಅದು ಬರಿಯ ಗಣಿತ. ಅವನು ಗಡಿಯಾರವನ್ನೂ ನೋಡಿದನು: ರಾತ್ರಿ ಬಹಳ ತಡವಾಗಿ ಕೃತ್ಯವೆಸಗಿದ ದಿನ ಹಂತಕನು ಮನೆಗೆ ಹತ್ತಿರದಲ್ಲಿಯೂ, ಸಂಜೆಯೇ ಎಸಗಿದ ದಿನ ಮನೆಗೆ ದೂರದಲ್ಲಿಯೂ ಇದ್ದಿರಬೇಕು, ಏಕೆಂದರೆ ಅವನಿಗೂ ಹೊತ್ತಿಗೆ ಸರಿಯಾಗಿ ಮನೆ ಸೇರಬೇಕಾದ ಕಟ್ಟುಪಾಡು ಇದ್ದೀತು. ಕೊಲೆಗಡುಕನೂ ಒಂದು ಸಂಸಾರಕ್ಕೆ ಉತ್ತರ ಹೇಳಬೇಕಾದ ಮನುಷ್ಯನೆಂದು ಊಹಿಸಿದ ಆ ಒಂದು ಯೋಚನೆಯನ್ನು ನಾನು ಬಹಳ ಮೆಚ್ಚುತ್ತೇನೆ. ಎರಡು ಲೆಕ್ಕಗಳೂ ಬ್ರ್ಯಾಡ್‌ಫರ್ಡ್ ನಗರದ ಸುತ್ತಮುತ್ತಲನ್ನು ತೋರಿಸಿದುವು. 1981ರ ಜನವರಿ 2ರಂದು ಷೆಫೀಲ್ಡಿನಲ್ಲಿ ವಾಹನದ ಸುಳ್ಳು ನಂಬರ್ ಪ್ಲೇಟಿನ ಕಾರಣದಿಂದ ಸಿಕ್ಕಿಬಿದ್ದ ಪೀಟರ್ ಸಟ್‌ಕ್ಲಿಫ್ ಬ್ರ್ಯಾಡ್‌ಫರ್ಡಿನ ಹೀಟನ್ ಬಡಾವಣೆಯ ಸಂಸಾರವಂದಿಗ. ಅಷ್ಟರೊಳಗೆ ಪೊಲೀಸರು ಅವನನ್ನು ಒಂಬತ್ತು ಸಲ ವಿಚಾರಿಸಿ ಬಿಟ್ಟಿದ್ದರು. ಅವನ ಹೆಸರು ಅವರ ಕಾಗದಗಳಲ್ಲಿಯೇ ಇದ್ದಿತು. ಆ ಕಾಗದವನ್ನು ರಾಶಿಯ ಮೇಲಕ್ಕೆ ತರುವ ವಿಧಾನ ಅವರ ಬಳಿ ಇರಲಿಲ್ಲ.

ಇನ್ನು ನಮ್ಮ ನಾಡಿಗೆ ಬರೋಣ. ಕರ್ನಾಟಕದ ಇತ್ತೀಚಿನ ಚರಿತ್ರೆಯಲ್ಲಿ ಈ ಶಾಸ್ತ್ರದ ಬಲವನ್ನೂ ಮಿತಿಯನ್ನೂ ಒಟ್ಟಿಗೆ ಕಲಿಸುವ ಪ್ರಕರಣ ಸಯನೈಡ್ ಮೋಹನನದು. ಪ್ರಾಥಮಿಕ ಶಾಲೆಯ ಉಪಾಧ್ಯಾಯನಾಗಿದ್ದ ಮೋಹನಕುಮಾರನು 2003ರಿಂದ 2009ರವರೆಗೆ ದಕ್ಷಿಣ ಕನ್ನಡ ಮತ್ತು ಕಾಸರಗೋಡು ಸೀಮೆಯ ಇಪ್ಪತ್ತು ಮಂದಿ ಹೆಣ್ಣುಮಕ್ಕಳನ್ನು ಕೊಂದನು. ವರದಕ್ಷಿಣೆ ಹೊಂದಿಸಲಾರದೆ ಮದುವೆಯ ವಯಸ್ಸು ಮೀರುತ್ತಿದ್ದ ಬಡಮನೆಯ ಹುಡುಗಿಯರನ್ನು ಅವನು ಪರಿಚಯ ಮಾಡಿಕೊಳ್ಳುತ್ತಿದ್ದನು. ವರದಕ್ಷಿಣೆಯಿಲ್ಲದೆ ಮದುವೆಯಾಗುವೆನೆಂದು ನಂಬಿಸಿ, ಒಡವೆಗಳನ್ನು ತೊಟ್ಟುಕೊಂಡು ಬರಹೇಳಿ, ಘಟ್ಟದ ಮೇಲಿನ ಯಾವುದಾದರೊಂದು ಊರಿಗೆ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ವಸತಿಗೃಹದಲ್ಲಿ ರಾತ್ರಿಯನ್ನು ಕಳೆದು, ಬೆಳಗ್ಗೆ ಬಸ್ ನಿಲ್ದಾಣದಲ್ಲಿ ಗರ್ಭನಿರೋಧಕ ಗುಳಿಗೆಯೆಂದು ಸಯನೈಡನ್ನು ಕೊಟ್ಟು, ತಿಂದರೆ ವಾಂತಿ ಬಂದೀತು, ಶೌಚಾಲಯದೊಳಗೆ ಹೋಗಿ ತೆಗೆದುಕೋ ಎನ್ನುತ್ತಿದ್ದನು. ಒಳಗಿನಿಂದ ಅಗುಳಿ ಹಾಕಿದ ಬಾಗಿಲು, ಕೈಯಲ್ಲಿ ಗುರುತಿನ ಚೀಟಿಯಿಲ್ಲದ ಹೆಣ್ಣು, ಮೈಮೇಲೆ ಗಾಯದ ಚಿಹ್ನೆಯಿಲ್ಲ. ಮಡಿಕೇರಿ, ಮೈಸೂರು, ಹಾಸನ, ಬೆಂಗಳೂರುಗಳ ಠಾಣೆಗಳಲ್ಲಿ ಅಂಥ ಸಾವುಗಳು ಅಪರಿಚಿತ ಹೆಣ್ಣಿನ ಅಸ್ವಾಭಾವಿಕ ಮರಣಗಳೆಂದು ದಾಖಲಾಗಿ, ಆತ್ಮಹತ್ಯೆಯೆಂಬ ಊಹೆಯ ಮೇಲೆ ಮುಗಿದುಹೋದುವು.

ಈಗ ನಕಾಶೆಯನ್ನು ಬಿಡಿಸಿ ನೋಡಿರಿ. ಶವಗಳು ದೊರೆತ ಈ ನಾಲ್ಕು ಊರುಗಳನ್ನು ಗುರುತಿಸಿ ಮಧ್ಯಬಿಂದುವನ್ನು ಅರಸಿದರೆ ಅದು ಹಾಸನಕ್ಕೂ ಮೈಸೂರಿಗೂ ನಡುವೆ ಎಲ್ಲೋ ಹೊಲಗದ್ದೆಗಳ ಮೇಲೆ ಬೀಳುತ್ತದೆ. ಅಲ್ಲಿ ಹಂತಕನಿಗೆ ಮನೆಯೂ ಇರಲಿಲ್ಲ, ನೆಂಟರೂ ಇರಲಿಲ್ಲ. ಶಾಸ್ತ್ರದ ಯಂತ್ರ ಎಷ್ಟೇ ಸೂಕ್ಷ್ಮವಾಗಿದ್ದರೂ ಅಲ್ಲಿ ಸೋತೇ ಸೋಲುತ್ತಿದ್ದಿತು. ಮನೆಯ ಸುತ್ತ ಅಲೆದು ಅಪರಾಧವೆಸಗುವವನು ಬೇರೆ, ಅಪರಾಧಕ್ಕಾಗಿಯೇ ದೂರಪ್ರಯಾಣ ಮಾಡುವವನು ಬೇರೆ ಎಂಬ ಭೇದವನ್ನು ಇಂಗ್ಲೆಂಡಿನ ಮನಃಶಾಸ್ತ್ರಜ್ಞ ಡೇವಿಡ್ ಕ್ಯಾಂಟರ್ ಬಹಳ ಹಿಂದೆಯೇ ವಿವರಿಸಿದ್ದನು. ಮೋಹನನು ಎರಡನೆಯ ಬಗೆಯವನು. ಆದರೆ ಅದೇ ನಕಾಶೆಯ ಮೇಲೆ ಸತ್ತ ಸ್ಥಳಗಳಿಗೆ ಬದಲಾಗಿ ಕಾಣೆಯಾದ ಹೆಣ್ಣುಮಕ್ಕಳ ಮನೆಗಳನ್ನು ಗುರುತಿಸಿದರೆ ಚಿತ್ರ ತಟ್ಟನೆ ಬದಲಾಗುತ್ತದೆ: ಚುಕ್ಕೆಗಳೆಲ್ಲ ಘಟ್ಟದ ಕೆಳಗೆ, ಮಂಗಳೂರು, ಬಂಟ್ವಾಳ, ಪುತ್ತೂರು, ಸುಳ್ಯ, ಕಾಸರಗೋಡುಗಳ ಸುತ್ತ ನೆರೆಯುತ್ತವೆ, ಮತ್ತು ಹಂತಕನ ಜೀವನವೆಲ್ಲ ಕಳೆದುದು ಆ ವಲಯದಲ್ಲಿಯೇ. ಅಂದರೆ ಕೊಲ್ಲುವುದಕ್ಕೆ ಅವನು ದೂರ ಹೋಗುತ್ತಿದ್ದನಾದರೂ ಬಲಿಯನ್ನು ಆರಿಸುವುದಕ್ಕೆ ತಾನು ಬಲ್ಲ ನೆಲವನ್ನು ಬಿಟ್ಟು ಹೋಗಲಿಲ್ಲ. ಯಾವ ಸ್ಥಳಗಳನ್ನು ಗುರುತಿಸಬೇಕು ಎಂಬ ವಿವೇಚನೆ ಗಣಿತಕ್ಕೆ ಸೇರಿದುದಲ್ಲ. ಆ ಸೀಮೆಯ ಬಸ್ಸುಗಳು ಎಷ್ಟು ಹೊತ್ತಿಗೆ ಹೊರಡುತ್ತವೆ, ಅಲ್ಲಿಯ ಮದುವೆಗಳು ಯಾವ ಕಾರಣಕ್ಕೆ ನಿಲ್ಲುತ್ತವೆ ಎಂಬುದನ್ನು ಬಲ್ಲ ಸ್ಥಳೀಯ ಪೊಲೀಸನ ಅನುಭವಕ್ಕೆ ಸೇರಿದುದು.

ಕಾಣೆಯಾದವರ ಪಟ್ಟಿ ಒಂದು ಜಿಲ್ಲೆಯಲ್ಲಿ, ಅಪರಿಚಿತ ಶವಗಳ ಪಟ್ಟಿ ಇನ್ನೊಂದು ಜಿಲ್ಲೆಯಲ್ಲಿ: ಈ ಎರಡು ಪಟ್ಟಿಗಳು ಆರು ವರ್ಷಗಳ ಕಾಲ ಒಂದನ್ನೊಂದು ಭೇಟಿಯಾಗಲಿಲ್ಲ ಎಂಬುದರಲ್ಲಿ ಆ ಇಡೀ ದುರಂತದ ರಹಸ್ಯವಿದೆ. ಎರಡೂ ಬಹುಮಟ್ಟಿಗೆ ಒಂದೇ ರಾಜ್ಯದ ಪೊಲೀಸರ ಬಳಿ, ಒಂದೇ ಭಾಷೆಯಲ್ಲಿ ಇದ್ದುವು ಎಂಬುದನ್ನು ನೆನೆದರೆ, ಮೂರು ರಾಜ್ಯಗಳು ಕೂಡುವ ಬಸವಕಲ್ಯಾಣದಂಥ ಗಡಿಯ ಸ್ಥಿತಿಯೇನೆಂದು ಬೇರೆ ಹೇಳಬೇಕಾಗಿಲ್ಲ. 2009ರ ಜೂನಿನಲ್ಲಿ ಬಂಟ್ವಾಳ ತಾಲ್ಲೂಕಿನ ಬರಿಮಾರಿನ ತರುಣಿಯೊಬ್ಬಳು ಕಾಣೆಯಾದಾಗ, ಅನ್ಯಮತೀಯನೊಬ್ಬನು ಅವಳನ್ನು ಕರೆದೊಯ್ದನೆಂಬ ವದಂತಿ ಹಬ್ಬಿ ಜನ ಠಾಣೆಗೆ ಮುತ್ತಿಗೆ ಹಾಕಿದರು. ಪೊಲೀಸರು ವದಂತಿಯನ್ನು ಬಿಟ್ಟು ಅವಳ ದೂರವಾಣಿ ಕರೆಗಳ ಎಳೆಯನ್ನು ಹಿಡಿದರು. ಅದು ಕಾಣೆಯಾದ ಇನ್ನೊಬ್ಬ ಹೆಣ್ಣಿನ ಸಂಖ್ಯೆಗೆ, ಅಲ್ಲಿಂದ ಮತ್ತೊಬ್ಬಳ ಸಂಖ್ಯೆಗೆ ಕರೆದೊಯ್ದು, ಕೊನೆಗೆ ಮಂಗಳೂರಿನ ಬಳಿಯ ದೇರಳಕಟ್ಟೆಯ ಸುತ್ತ ನೆಲೆಗೊಂಡಿತು. ಅಕ್ಟೋಬರಿನಲ್ಲಿ ಮೋಹನನು ಸೆರೆಸಿಕ್ಕಿದನು. ಗೋಪುರಗಳ ನೆರವಿನಿಂದ ದೂರವಾಣಿಯ ನೆಲೆಯನ್ನು ಹುಡುಕಿದುದು ಕೂಡ ಒಂದು ಬಗೆಯ ನಕಾಶೆಯ ಕೆಲಸವೇ. ಮತ್ತು ಆ ಕೆಲಸ ಪ್ರಾರಂಭವಾದುದು ಒಂದು ಪ್ರಕರಣವನ್ನು ಇನ್ನೊಂದಕ್ಕೆ ಜೋಡಿಸಿದ ಕ್ಷಣದಿಂದ. 2013ರ ಡಿಸೆಂಬರಿನಲ್ಲಿ ಮಂಗಳೂರಿನ ನ್ಯಾಯಾಲಯವು ಅವನಿಗೆ ಮರಣದಂಡನೆಯನ್ನು ವಿಧಿಸಿತು. ಇಪ್ಪತ್ತನೆಯದಾದ, ಕಾಸರಗೋಡಿನ ಹೆಣ್ಣುಮಗಳ ಪ್ರಕರಣದ ತೀರ್ಪು ಬಂದುದು 2020ರಲ್ಲಿ.

ದಫ್ತರು ಕೂಡದಿದ್ದರೆ ಶಾಸ್ತ್ರಕಾರನೇ ಎದುರಿಗಿದ್ದರೂ ಪ್ರಯೋಜನವಿಲ್ಲ ಎಂಬುದಕ್ಕೆ ರಾಸ್ಮೊವಿನ ಸ್ವಂತ ನಗರವೇ ಸಾಕ್ಷಿ. ವ್ಯಾಂಕೂವರಿನ ಪೂರ್ವಭಾಗದ ಬಡಬೀದಿಗಳಿಂದ ಹೆಂಗಸರು ಒಬ್ಬೊಬ್ಬರಾಗಿ ಮಾಯವಾಗುತ್ತಿದ್ದಾಗ, ಇದು ಸರಣಿ ಹಂತಕನ ಕೃತ್ಯವಾಗಿರಬಹುದೆಂದು ಸಾರ್ವಜನಿಕರನ್ನು ಎಚ್ಚರಿಸಬೇಕೆಂದು ಅವನು 1998ರಲ್ಲಿಯೇ ಸೂಚಿಸಿದನು, ಮೇಲಧಿಕಾರಿಗಳು ಒಪ್ಪಲಿಲ್ಲ. ಶವಗಳು ಸಿಕ್ಕಿಲ್ಲವೆಂಬುದು ಅವರಿಗೆ ನೆಪವಾಯಿತು. ಮಾಯವಾದವರಲ್ಲಿ ಅನೇಕರು ಬೀದಿಯಲ್ಲಿ ಮೈ ಮಾರಿ ಬದುಕುವವರು, ಮೂಲನಿವಾಸಿ ಜನಾಂಗದವರು ಎಂಬುದು ಹೇಳದ ಕಾರಣ. ಹಂತಕ ರಾಬರ್ಟ್ ಪಿಕ್ಟನ್ನನ ಹಂದಿಸಾಕಣೆಯ ತೋಟ ನಗರದಿಂದ ಹೊರಗೆ ಪೋರ್ಟ್ ಕೊಕ್ವಿಟ್ಲಂ ಎಂಬಲ್ಲಿ, ಬೇರೊಂದು ಪೊಲೀಸ್ ಪಡೆಯ ಸರಹದ್ದಿನಲ್ಲಿ ಇದ್ದಿತು. ಕಾಣೆಯಾದವರು ಒಂದು ಪಡೆಯ ಹೊಣೆ, ಕೊಲೆಗಾರನು ಇನ್ನೊಂದು ಪಡೆಯ ಹೊಣೆ. ಅವನು ಸೆರೆಯಾದುದು 2002ರ ಫೆಬ್ರುವರಿಯಲ್ಲಿ. ಈ ವಿಳಂಬವನ್ನು ಪರಿಶೀಲಿಸಿದ ವಾಲಿ ಒಪ್ಪಲ್ ಆಯೋಗವು 2012ರಲ್ಲಿ ಕೊಟ್ಟ ವರದಿ ಪೊಲೀಸ್ ಪಡೆಗಳ ವಿಭಜನೆಯನ್ನೂ ಬಡಹೆಂಗಸರ ಬಗೆಗಿನ ತಾತ್ಸಾರವನ್ನೂ ಕಟುವಾಗಿ ಖಂಡಿಸಿದೆ.

ನಕಾಶೆಯನ್ನು ಹೊಗಳುವವನು ಅದರಿಂದ ಆದ ಅನ್ಯಾಯವನ್ನೂ ಹೇಳಬೇಕು. ಅದಕ್ಕಾಗಿ ಈ ನೆಲದ ಹಳೆಯ ಪೊಲೀಸನೊಬ್ಬನನ್ನು ನೆನೆಯಬೇಕಾಗುತ್ತದೆ. ಸುರಪುರದ ಜನ ಟೇಲರ್ ಸಾಹೇಬನೆಂದು ಇಂದಿಗೂ ಸ್ಮರಿಸುವ ಫಿಲಿಪ್ ಮೆಡೋಸ್ ಟೇಲರ್, ಅಲ್ಲಿಗೆ ಬರುವುದಕ್ಕೆ ಬಹಳ ಮುಂಚೆ, ಇನ್ನೂ ತರುಣನಾಗಿದ್ದಾಗ, ನಿಜಾಮರ ರಾಜ್ಯದ ನೈರುತ್ಯ ಭಾಗದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದನು. 1832ರಲ್ಲಿ ಹಿಂಗೋಲಿಯ ದಂಡಿನಲ್ಲಿದ್ದಾಗ, ದಾರಿಹೋಕರನ್ನು ಕೊಂದು ದೋಚುತ್ತಿದ್ದ ಠಗ್ಗರ ವಿಚಾರಣೆ ಪ್ರಾರಂಭವಾಯಿತು. ಮಾಫಿಸಾಕ್ಷಿಗಳು ತೋರಿಸಿದ ಕಡೆ ಅಗೆದರೆ ದಂಡಿನ ಪೇಟೆಯಲ್ಲಿಯೇ, ಪಹರೆಯವರು ತಿರುಗುವ ಜಾಗದಿಂದ ಕೆಲವೇ ಗಜಗಳ ದೂರದಲ್ಲಿ, ಹೂಳಿದ ಹೆಣಗಳು ಹೊರಬಿದ್ದುವು. ಪೇಟೆಯ ಗೌರವಸ್ಥ ವರ್ತಕನೆನಿಸಿದ್ದ ಹರಿಸಿಂಗನೇ ಠಗ್ಗರ ನಾಯಕರಲ್ಲೊಬ್ಬನೆಂದು ತಿಳಿಯಿತು. 1839ರಲ್ಲಿ ಪ್ರಕಟವಾದ ತನ್ನ ‘ಕನ್ಫೆಷನ್ಸ್ ಆಫ್ ಎ ಥಗ್’ ಕಾದಂಬರಿಯ ಪೀಠಿಕೆಯಲ್ಲಿ ಟೇಲರ್ ಇದನ್ನೆಲ್ಲ ವಿವರಿಸಿದ್ದಾನೆ. ಅದೇ ಕಾಲದಲ್ಲಿ ಉತ್ತರದೇಶದಲ್ಲಿ ಠಗ್ಗರನ್ನು ದಮನಮಾಡುತ್ತಿದ್ದ ಬ್ರಿಟಿಷ್ ಅಧಿಕಾರಿ ಸ್ಲೀಮನ್ನನ ಇಲಾಖೆಯವರು ದಾರಿಗಳ ಉದ್ದಕ್ಕೂ ಕೊಲೆಸ್ಥಳಗಳನ್ನು ನಕಾಶೆಗಳ ಮೇಲೆ ಗುರುತಿಸಿದರು. ಲಖನೌ ರೆಸಿಡೆನ್ಸಿಯ ಕ್ಯಾಪ್ಟನ್ ಪ್ಯಾಟನ್ ಸಂಗ್ರಹಿಸಿದ ಅವಧ ಪ್ರಾಂತದ ನಕಾಶೆಯಲ್ಲಿ ಅಂಥ 274 ಸ್ಥಳಗಳಿದ್ದುವು. ಅಪರಾಧದ ನಕಾಶೆ ನಮಗೆ ಪರದೇಶದಿಂದ ಮೊನ್ನೆ ಬಂದ ಹೊಸ ವಸ್ತುವಲ್ಲ.

ಆದರೆ ಆ ನಕಾಶೆಗಳ ಹಿಂದೆಯೇ ಬಂದ ಕಾಯಿದೆಗಳನ್ನು ನೋಡಿರಿ. 1836ರ ಕಾಯಿದೆಯ ಪ್ರಕಾರ ಇಂಥ ಕೊಲೆಯನ್ನು ಇವನು ಮಾಡಿದನೆಂದು ರುಜುವಾತುಪಡಿಸಬೇಕಾಗಿರಲಿಲ್ಲ. ಠಗ್ಗರ ಗುಂಪಿಗೆ ಸೇರಿದವನೆಂದು ತೋರಿಸಿದರೆ ಯಾವಜ್ಜೀವ ಸೆರೆವಾಸ ವಿಧಿಸಬಹುದಾಗಿತ್ತು. ಅದೇ ಮನೋಧರ್ಮ ಬೆಳೆದು 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯಿದೆಯಾಗಿ, ಇಡೀ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಮಾಡಿತು. ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಅವರನ್ನು ಬೇಲಿಯೊಳಗಿಟ್ಟು ಹಾಜರಿ ಹಾಕಿಸಿದ ಸೆಟ್ಲಮೆಂಟುಗಳ ಹೆಸರು ಆ ಓಣಿಗಳಿಗೆ ಇನ್ನೂ ಅಂಟಿಕೊಂಡಿದೆ. ಕಾಯಿದೆ ರದ್ದಾದುದು 1952ರಲ್ಲಿ. ಆ ಸಂಶಯ ಮಾತ್ರ ಎಷ್ಟೋ ಠಾಣೆಗಳಲ್ಲಿ ಇಂದಿಗೂ ರದ್ದಾಗಿಲ್ಲ. ಇಂದಿನ ಗಣಕಯಂತ್ರವು ಹುಮನಾಬಾದಿನ ಹೊರಗಿನ ಒಂದು ತಾಂಡಾದ ಮೇಲೋ ಬಸವಕಲ್ಯಾಣದ ಒಂದು ಬಡ ಗಲ್ಲಿಯ ಮೇಲೋ ಕೆಂಪುಬಣ್ಣವನ್ನು ತೋರಿಸಿದರೆ, ಅಲ್ಲಿ ಒಬ್ಬನ ನೆಲೆಯಿರುವ ಸಂಭವ ಅಧಿಕ ಎಂಬುದಷ್ಟೇ ಅದರ ಅರ್ಥವಾಗಿರಬೇಕೇ ಹೊರತು, ಅಲ್ಲಿಯವರೆಲ್ಲ ಶಂಕಿತರೆಂದಾಗಲಿ, ನಡುರಾತ್ರಿ ಮನೆಮನೆಯ ಬಾಗಿಲು ಬಡಿಯಬಹುದೆಂದಾಗಲಿ ಆಗಕೂಡದು. ಬಣ್ಣಕ್ಕೆ ಜಾತಿಯನ್ನು ಜೋಡಿಸಿದ ದಿನ ಈ ಶಾಸ್ತ್ರ ಮತ್ತೆ 1871ಕ್ಕೆ ಹಿಂದಿರುಗುತ್ತದೆ.

ನಕಾಶೆಯು ಸಾಕ್ಷ್ಯವೂ ಅಲ್ಲ. ದಿಲ್ಲಿಯ ನೆರೆಯ ನೋಯಿಡಾದ ನಿಠಾರಿಯಲ್ಲಿ 2005 ಮತ್ತು 2006ರಲ್ಲಿ ಕಾಣೆಯಾದ ಮಕ್ಕಳೆಲ್ಲ ಒಂದೇ ನೆರೆಯವರು. ಬಡ ತಂದೆತಾಯಿಗಳ ದೂರುಗಳನ್ನು ಆದರದಿಂದ ಬರೆದುಕೊಂಡು ಗೋಡೆಯ ಮೇಲಿನ ಸಾಧಾರಣ ನಕಾಶೆಯೊಂದರಲ್ಲಿ ಚುಕ್ಕೆಯಿಟ್ಟಿದ್ದರೂ ಸಾಕಿತ್ತು, ಯಾವ ಬೀದಿಯನ್ನು ಕಾಯಬೇಕೆಂಬುದು ಗೊತ್ತಾಗುತ್ತಿದ್ದಿತು. 2006ರ ಡಿಸೆಂಬರಿನಲ್ಲಿ ಅಲ್ಲಿಯ ಮನೆಯೊಂದರ ಹಿಂದಿನ ಚರಂಡಿಯಿಂದ ಎಲುಬುಗಳು ಹೊರಬರುವವರೆಗೆ ಆ ಕೆಲಸ ನಡೆಯಲಿಲ್ಲ. ಆದರೆ ಬೀದಿ ಗೊತ್ತಾದ ಮಾತ್ರಕ್ಕೆ ನ್ಯಾಯ ದೊರೆಯುವುದಿಲ್ಲವೆಂಬುದನ್ನೂ ಅದೇ ಪ್ರಕರಣ ತೋರಿಸಿತು: ತನಿಖೆಯ ಲೋಪಗಳ ಕಾರಣದಿಂದ 2023ರ ಅಕ್ಟೋಬರಿನಲ್ಲಿ ಅಲಹಾಬಾದ್ ಉಚ್ಚನ್ಯಾಯಾಲಯವು ಆರೋಪಿಗಳನ್ನು ಖುಲಾಸೆ ಮಾಡಿತು. ಒಂದು ಕಾಲಕ್ಕೆ ಮಂಪರು ಪರೀಕ್ಷೆಯೇ ಸರ್ವರೋಗಕ್ಕೂ ಔಷಧವೆಂದು ನಂಬಿದ್ದ ನಮ್ಮವರಿಗೆ, 2010ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ಮೊಕದ್ದಮೆಯಲ್ಲಿ, ಒಪ್ಪಿಗೆಯಿಲ್ಲದೆ ಅದನ್ನು ನಡೆಸಕೂಡದೆಂದು ಹೇಳಬೇಕಾಯಿತು. ಹೊಸ ಉಪಕರಣವೊಂದು ಬಂದಾಗ ಪಂಚನಾಮೆ, ರಕ್ತದ ಕಲೆ, ಸಾಕ್ಷಿಯ ಮಾತು ಇವುಗಳ ಶ್ರಮವನ್ನು ತಪ್ಪಿಸಿಕೊಳ್ಳುವ ಆಸೆ ಸಹಜ. ಭೌಗೋಳಿಕ ಪ್ರೊಫೈಲಿಂಗಿಗೂ ಆ ಗತಿ ಬರಬಾರದು.

ದುಬಾರಿಯಾದ ತಂತ್ರಾಂಶವಿಲ್ಲದೆ ಏನೂ ಸಾಗದೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಬ್ರೆಂಟ್ ಸ್ನೂಕ್, ಡೇವಿಡ್ ಕ್ಯಾಂಟರ್, ಕ್ರೇಗ್ ಬೆನ್ನೆಲ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಪರಾಧಿಗಳು ಬಹುಮಟ್ಟಿಗೆ ಮನೆಗೆ ಹತ್ತಿರದಲ್ಲಿಯೇ ಕೃತ್ಯವೆಸಗುತ್ತಾರೆ ಎಂಬಂಥ ಒಂದೆರಡು ಸರಳ ನಿಯಮಗಳನ್ನು ಕಲಿತ ಸಾಮಾನ್ಯರು ಬರಿಗಣ್ಣಿನಿಂದ ನಕಾಶೆಯನ್ನು ನೋಡಿ ಮಾಡಿದ ಊಹೆ ಗಣಕಯಂತ್ರದ ಊಹೆಗೆ ಸರಿಸಮನಾಗಿದ್ದಿತು. ರಾಸ್ಮೊವಿಗೆ ಇದು ಒಪ್ಪಿಗೆಯಾಗಲಿಲ್ಲ, ವಿವಾದ ಬಹುಕಾಲ ನಡೆಯಿತು. ಅಷ್ಟಾದರೂ ಬಡ ಜಿಲ್ಲೆಗಳಿಗೆ ಧೈರ್ಯ ಕೊಡುವ ಫಲಿತಾಂಶ ಇದು. ಬೀದರ ಜಿಲ್ಲೆಯ ಬೀಟ್ ಪೊಲೀಸನು ನಕಾಶೆಯನ್ನು ಓದಲು ಕಲಿಯುವುದಕ್ಕೆ ಹೊರದೇಶದ ಪರವಾನಗಿ ಬೇಕಿಲ್ಲ. ಹೊರದೇಶದ ಸೂತ್ರಕ್ಕೆ ತಿಳಿಯದ ಸಂಗತಿಗಳು ಅವನಿಗೆ ತಿಳಿದಿರುತ್ತವೆ: ಗಡಿಯ ಆಚೆಯ ಹಳ್ಳಿ ಎರಡು ಮೈಲಿಯಲ್ಲಿದ್ದರೂ ಬಸ್ಸಿಲ್ಲದಿದ್ದರೆ ಅದು ದೂರ; ಹೈದರಾಬಾದು ನೂರು ಮೈಲಿಯ ಆಸುಪಾಸಿನಲ್ಲಿದ್ದರೂ ಹೆದ್ದಾರಿಯ ಮೇಲೆ ರಾತ್ರಿಯೆಲ್ಲ ವಾಹನ ಸಿಗುವುದರಿಂದ ಅದು ಹತ್ತಿರ.

2025ರ ಜನವರಿ 16ರ ಘಟನೆ ಈ ಸಾಮೀಪ್ಯವನ್ನು ಕ್ರೂರವಾಗಿ ತೋರಿಸಿತು. ಬೀದರಿನಲ್ಲಿ, ಜಿಲ್ಲಾಧಿಕಾರಿಗಳ ಕಚೇರಿಯ ಸಮೀಪದಲ್ಲಿಯೇ, ಹಾಡುಹಗಲಲ್ಲಿ ಎ.ಟಿ.ಎಂ. ಹಣ ಸಾಗಿಸುವ ಸಿಬ್ಬಂದಿಯ ಮೇಲೆ ಗುಂಡು ಹಾರಿಸಿ, ಒಬ್ಬನನ್ನು ಕೊಂದು ಹಣದ ಪೆಟ್ಟಿಗೆಯನ್ನು ದೋಚಿದವರು ಅದೇ ಸಂಜೆ ಹೈದರಾಬಾದಿನ ಅಫ್ಜಲ್‌ಗಂಜಿನಲ್ಲಿ ಮತ್ತೆ ಗುಂಡು ಹಾರಿಸಿ ಮಾಯವಾದರು. ಅದು ಸರಣಿ ಕೊಲೆಯ ಪ್ರಕರಣವಲ್ಲ, ನಿಜ. ಆದರೆ ಈ ನೆಲದಲ್ಲಿ ಪಾತಕಿಗೆ ಒಂದು ಹಗಲಿನೊಳಗೆ ಎರಡು ರಾಜ್ಯಗಳ ಪೊಲೀಸರು ಸಾಲುವುದಿಲ್ಲ ಎಂಬುದಕ್ಕೆ ಅದಕ್ಕಿಂತ ಹೆಚ್ಚಿನ ದೃಷ್ಟಾಂತ ಬೇಡ.

ಆದಕಾರಣ ಬೀದರ, ಕಲಬುರಗಿ, ಧಾರಾಶಿವ, ಲಾತೂರ, ಸಂಗಾರೆಡ್ಡಿ ಜಿಲ್ಲೆಗಳ ಪೊಲೀಸ್ ವರಿಷ್ಠರಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಕಾಣೆಯಾದವರು, ಅಪರಿಚಿತ ಶವಗಳು, ಅಸ್ವಾಭಾವಿಕ ಮರಣಗಳು, ಈ ಮೂರು ಬಗೆಯ ದಾಖಲೆಗಳನ್ನು ಪ್ರತಿ ತಿಂಗಳೂ ಹುಮನಾಬಾದಿನಂಥ ನಡುವಣ ಊರೊಂದರಲ್ಲಿ ಒಟ್ಟಿಗೆ ಕುಳಿತು ಒಂದೇ ನಕಾಶೆಯ ಮೇಲೆ ಇಡಿರಿ. ಸ್ಥಳದ ಜೊತೆಗೆ ವಾರ, ಹೊತ್ತು, ಮೃತರ ಊರು, ಕಡೆಗೆ ಕಂಡ ಬಸ್ ನಿಲ್ದಾಣ ಇವುಗಳನ್ನೂ ಗುರುತಿಸಿರಿ. ಠಾಣೆಗಳನ್ನು ಗಣಕಜಾಲದಲ್ಲಿ ಜೋಡಿಸುವ ಸಿ.ಸಿ.ಟಿ.ಎನ್.ಎಸ್. ಯೋಜನೆ 2009ರಲ್ಲಿಯೇ ಮಂಜೂರಾಗಿದೆ, ಕಲಬುರಗಿಯಲ್ಲಿ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯವಿದೆ, ನಕಾಶೆಯ ವಿದ್ಯೆಯನ್ನು ಬಲ್ಲ ರಾಜ್ಯ ದೂರಸಂವೇದಿ ಕೇಂದ್ರವಿದೆ. ಇಲ್ಲದಿರುವುದು ಗಡಿಯ ಆಚೆಯವನ ದಫ್ತರನ್ನು ತನ್ನದೆಂದು ಓದುವ ಅಭ್ಯಾಸ. ಅಪರಿಚಿತ ಹೆಣ್ಣಿನ ಶವವನ್ನು ಆತ್ಮಹತ್ಯೆಯೆಂದು ಬರೆದು ಮುಗಿಸುವ ಮೊದಲು, ನೆರೆಯ ಜಿಲ್ಲೆಗಳಲ್ಲಿ ಅದೇ ರೀತಿಯ ಸಾವು ಹಿಂದೆ ನಡೆದಿದೆಯೆ ಎಂಬ ಒಂದು ಪ್ರಶ್ನೆಯನ್ನು ಕಡ್ಡಾಯ ಮಾಡಿರಿ.

ಓದುಗರಲ್ಲಿಯೂ ಒಂದು ಮಾತು. ಮೋಹನನ ಕೈಗೆ ಸಿಕ್ಕ ಹೆಣ್ಣುಮಕ್ಕಳ ಮನೆಗಳಲ್ಲಿ ಮರ್ಯಾದೆಗೆ ಅಂಜಿ ದೂರು ಕೊಡದವರೂ ಇದ್ದರು. ದೂರಿಲ್ಲದ ಮನೆ ಯಾವ ನಕಾಶೆಯ ಮೇಲೂ ಮೂಡುವುದಿಲ್ಲ. ಮನೆಯ ಮಗಳೋ ತಂಗಿಯೋ ಹೇಳದೆ ಹೋದರೆ, ಯಾರೊಡನೆ ಹೋದಳೆಂದು ಓಣಿಯಲ್ಲಿ ಆಡಿಕೊಳ್ಳುವವರನ್ನು ಲಕ್ಷಿಸದೆ ಅಂದೇ ಠಾಣೆಗೆ ಹೋಗಿ ಬರೆಸಿರಿ. ಅಪರಾಧದ ಶಂಕೆಯಿದ್ದಲ್ಲಿ, ಇದು ನಮ್ಮ ಸರಹದ್ದಲ್ಲ ಎಂದು ಯಾವ ಠಾಣೆಯೂ ನಿಮ್ಮನ್ನು ಹಿಂದಕ್ಕೆ ಕಳಿಸುವಂತಿಲ್ಲ: 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನ ಪ್ರಕಾರ, ಅಪರಾಧ ಎಲ್ಲಿಯೇ ನಡೆದಿರಲಿ, ಬಸವಕಲ್ಯಾಣದ ಠಾಣೆಯಾಗಲಿ ಉಮರ್ಗಾದ ಠಾಣೆಯಾಗಲಿ ಮಾಹಿತಿಯನ್ನು ಬರೆದುಕೊಳ್ಳಲೇಬೇಕು, ಅದರ ಪ್ರತಿಯನ್ನು ನಿಮಗೆ ಉಚಿತವಾಗಿ ಕೊಡಲೇಬೇಕು.